ಹದಿನೆಂಟು ವರ್ಷ ಮುಸುಕು ಹೊದ್ದ ಕವಿ

ಕ್ರಿಸ್ಟೊ ಮತ್ತು ಜೀನ್ ಕ್ಲೋಡ್ ಎಂಬ ಕಲಾವಿದ ದಂಪತಿ 1995ರಲ್ಲಿ ಬರ್ಲಿನ್ನಿನ ಸಂಸತ್ ಭವನಕ್ಕೆ ಅಡಿಯಿಂದ ಮುಡಿಯವರೆಗೆ ಬೆಳ್ಳಿ ಬಣ್ಣದ ಬಟ್ಟೆ ಸುತ್ತಿದರು. ಅಪ್ಪಣೆಗಾಗಿ 24 ವರ್ಷ ಕಾದು, ಒಂದು ಲಕ್ಷ ಚದರ ಮೀಟರ್ ಬಟ್ಟೆ ತಂದು, ಆನೆ ಕಟ್ಟುವಂಥ ಹಗ್ಗ ಬಿಗಿದು ಸುತ್ತಿದ್ದು ಎಷ್ಟು ದಿನಕ್ಕೆ? ಬರೀ 14 ದಿನಕ್ಕೆ. ಐವತ್ತು ಲಕ್ಷ ಜನ ಬಂದು ನೋಡಿ, ಸಾರ್ವಜನಿಕ ಕಲೆ ಎಂದರೆ ಇದು ಎಂದು ತಲೆದೂಗಿದರು. ಪಾಪ, ಅವರಿಗೆ ಹಲಸೂರು ಕೆರೆಯ ದಾರಿ ಗೊತ್ತಿರಲಿಲ್ಲ. ಆ ಹೊತ್ತಿಗೆ ನಮ್ಮಲ್ಲಿ ಅಂಥದೇ ಒಂದು ಕೃತಿ ನಾಲ್ಕನೆಯ ವರ್ಷದಲ್ಲಿ ನಡೆದಿತ್ತು. ಕ್ರಿಸ್ಟೊಗೆ ಸುತ್ತಲು ಅಪ್ಪಣೆ ಬೇಕಾಯಿತು. ನಮಗೆ ಬಿಚ್ಚಲು ಬೇಕಾಗಿತ್ತು, ವ್ಯತ್ಯಾಸ ಅಷ್ಟೇ.

ಒಳಗೆ ಇದ್ದವರು ತಿರುವಳ್ಳುವರ್. ಬೆಂಗಳೂರಿನ ತಮಿಳು ಸಂಘದವರು 1991ರಲ್ಲಿ ಪ್ರತಿಮೆ ತಂದು ನಿಲ್ಲಿಸಿದರು. ಕಾವೇರಿ ನ್ಯಾಯಮಂಡಳಿ 205 ಟಿಎಂಸಿ ನೀರು ಬಿಡಿ ಎಂದು ಮಧ್ಯಂತರ ಆದೇಶ ಕೊಟ್ಟದ್ದೂ ಅದೇ ವರ್ಷ. ಡಿಸೆಂಬರಿನಲ್ಲಿ ಬೆಂಗಳೂರು ಹೊತ್ತಿ ಉರಿದದ್ದೂ ಅದೇ ವರ್ಷ. ಅನಾವರಣದ ದಿನ ಜಾರಿಸಲೆಂದು ಕವಿಗೆ ಹೊದಿಸಿದ್ದ ಮುಸುಕು ಕಾಯಂ ಆಯಿತು. ಬಂಗಾರಪ್ಪನವರ ಕಾಲದಲ್ಲಿ ಹೊದ್ದದ್ದು ಯಡಿಯೂರಪ್ಪನವರ ಕಾಲದಲ್ಲಿ, 2009ರ ಆಗಸ್ಟ್ 9ರಂದು ಸರಿಯಿತು. ಪ್ರತಿಮೆ ನಿಂತಾಗ ಹಲಸೂರಿನಲ್ಲಿ ಹುಟ್ಟಿದ ಕೂಸು ಮತದಾರರ ಪಟ್ಟಿಗೆ ಸೇರುವ ವಯಸ್ಸಿಗೆ ಬಂದ ಮೇಲೆ ಕವಿಯ ಮುಖ ಕಂಡಿತು.

ಸಾರ್ವಜನಿಕ ಕಲೆಯಿಂದ ಸಮುದಾಯಗಳು ಬೆಸೆಯುತ್ತವೆ ಎಂದು ವಿಚಾರ ಸಂಕಿರಣಗಳಲ್ಲಿ ಹೇಳುತ್ತಾರಲ್ಲ, ನನಗಂತೂ ಅದರಲ್ಲಿ ಸಂಶಯವಿಲ್ಲ. ಆ ಮುಸುಕಿನ ಮುಂದೆ ಹದಿನೆಂಟು ವರ್ಷ ಇಡೀ ನಗರ ಒಂದಾಗಿತ್ತು. ಕನ್ನಡಿಗನಿಗೂ ಏನೂ ಕಾಣಿಸುತ್ತಿರಲಿಲ್ಲ, ತಮಿಳನಿಗೂ ಕಾಣಿಸುತ್ತಿರಲಿಲ್ಲ. ತೆಲುಗು, ಉರ್ದು, ಮಲಯಾಳಂ ಮಾತನಾಡುವವರಿಗೂ ಅಷ್ಟೇ ಸಮಪಾಲು. ಇವರಿಗೆ ಹೆಚ್ಚು ತೋರಿಸಿದಿರಿ, ನಮಗೆ ಕಡಿಮೆ ತೋರಿಸಿದಿರಿ ಎಂದು ಒಬ್ಬರಾದರೂ ಅರ್ಜಿ ಹಾಕುವಂತಿರಲಿಲ್ಲ. ಮುಸುಕಿನೊಳಗಿನ ಗುದ್ದು ಎಂಬ ಮಾತು ನಮ್ಮಲ್ಲಿ ಹಳೆಯದು. ಇಲ್ಲಿ ಮುಸುಕಿನೊಳಗಿದ್ದವರು ಯಾರಿಗೂ ಗುದ್ದಲಿಲ್ಲ, ಹೊರಗಿದ್ದವರು ಮಾತ್ರ ಪರಸ್ಪರ ಗುದ್ದಾಡಿಕೊಂಡರು.

ಇದರಲ್ಲಿ ಇನ್ನೊಂದು ಸೊಗಸಿದೆ. ತಿರುಕ್ಕುರಳಿನಲ್ಲಿ 133 ಅಧ್ಯಾಯಗಳು. ಮೊದಲನೆಯದು ದೇವರ ಸ್ತುತಿ, ಎರಡನೆಯದು ಮಳೆಯ ಮಹಿಮೆ. ದೇವರನ್ನು ಬಿಟ್ಟರೆ ಮುಂದಿನ ಮಾತು ನೀರಿನದೇ ಎಂದು ಕುಳಿತು ಬರೆದ ಕವಿಯನ್ನೇ ನಾವು ನೀರಿನ ಜಗಳದಲ್ಲಿ ಕಟ್ಟಿಹಾಕಿದೆವು. ಬಹುಶಃ ಎರಡನೆಯ ಅಧ್ಯಾಯದವರೆಗೆ ಎರಡೂ ಕಡೆಯವರು ಓದಿರಲಿಲ್ಲ. ಈಗಲೂ ನನ್ನ ಲೆಕ್ಕ ಸರಳ: ಕೆಆರ್‌ಎಸ್‌ನಲ್ಲಿ ನೀರು 124.80 ಅಡಿ ಮುಟ್ಟಿದರೆ ತಿರುವಳ್ಳುವರ್ ವಿಶ್ವಕವಿ. ನೂರಕ್ಕಿಳಿದರೆ ದ್ರಾವಿಡ ಕವಿ. ಎಂಬತ್ತಕ್ಕಿಳಿದರೆ ಬರೀ ತಮಿಳು ಕವಿ, ಹತ್ತಿರದ ಠಾಣೆಯಿಂದ ಇಬ್ಬರು ಪೇದೆಗಳು ಬರಬೇಕು.

ಕೊನೆಗೆ ಬಿಚ್ಚಿದ್ದು ಹೇಗೆ? ಸಂಸ್ಕೃತಿ ಇಲಾಖೆಗಳಿಗಿಂತ ಸಂತೆಗೆ ಒಗ್ಗುವ ಉಪಾಯದಿಂದ. ನೀವೊಬ್ಬ ಕವಿಯನ್ನು ಕೊಡಿ, ನಾವೊಬ್ಬ ಕವಿಯನ್ನು ಕೊಡುತ್ತೇವೆ. ಆಗಸ್ಟ್ 9ರಂದು ಕರುಣಾನಿಧಿಯವರು ಬೆಂಗಳೂರಿಗೆ ಬಂದು ತಿರುವಳ್ಳುವರ್ ಅವರನ್ನು ಅನಾವರಣಗೊಳಿಸಿದರು; 13ರಂದು ಯಡಿಯೂರಪ್ಪನವರು ಚೆನ್ನೈನ ಅಯನಾವರಕ್ಕೆ ಹೋಗಿ, ಜೀವಾ ಪಾರ್ಕಿನಲ್ಲಿ ಸರ್ವಜ್ಞನನ್ನು ಅನಾವರಣಗೊಳಿಸಿದರು. ನಡುವೆ ನಾಲ್ಕೇ ದಿನದ ಸಾಲ. ಕಾವೇರಿ ನೀರಿನ ಲೆಕ್ಕ ಇಷ್ಟು ಬೇಗ ಚುಕ್ತಾ ಆದ ದಾಖಲೆಯಿಲ್ಲ. ಊರೂರು ತಿರುಗಿ, ತಿರಿದು ಉಂಡ ಸರ್ವಜ್ಞನಿಗೆ ಕೊನೆಗೂ ಒಂದು ಕಾಯಂ ವಿಳಾಸ ಸಿಕ್ಕಿತು, ಅದೂ ಕನ್ನಡ ಓದಲು ಬಾರದ ಬಡಾವಣೆಯಲ್ಲಿ. ಎಲ್ಲರಿಂದ ಒಂದೊಂದು ನುಡಿ ಕಲಿತವನಲ್ಲವೇ, ಅಷ್ಟರಲ್ಲಿ ತಮಿಳನ್ನೂ ಕಲಿತಿರಬೇಕು.

ನನ್ನ ತಕರಾರು ಇರುವುದು ತೂಕದಲ್ಲಿ. ತಿರುವಳ್ಳುವರ್ ಎರಡು ಸಾಲಿನ ಕವಿ, ಸರ್ವಜ್ಞ ಮೂರು ಸಾಲಿನ ಕವಿ. ಎರಡು ಪಡೆದು ಮೂರು ಕೊಟ್ಟೆವು. ಪದ್ಯಕ್ಕೊಂದು ಸಾಲಿನಂತೆ ನಾಡಿಗಾದ ನಷ್ಟವನ್ನು ವಿಧಾನಸಭೆಯಲ್ಲಿ ಯಾರೂ ಪ್ರಶ್ನಿಸಲಿಲ್ಲವೆಂದರೆ ನಮ್ಮ ಪ್ರತಿಪಕ್ಷಗಳು ಏನು ಮಾಡುತ್ತಿದ್ದವು? ಇದನ್ನು ಸರಿದೂಗಿಸಲು ನನ್ನಲ್ಲೊಂದು ದಾರಿಯಿದೆ. ಆಂಧ್ರದವರಿಂದ ವೇಮನನನ್ನು ತರಿಸಬೇಕು. ಆತನದು ನಾಲ್ಕು ಸಾಲು. ಇನ್ನೊಬ್ಬ ಸರ್ವಜ್ಞನನ್ನು ಅತ್ತ ಕಳುಹಿಸಿ ನಾಲ್ಕು ಸಾಲು ಪಡೆದರೆ ತಮಿಳುನಾಡಿನ ನಷ್ಟ ಅಲ್ಲಿಗೆ ವಜಾ. ಕೊಡವರು, ತುಳುವರು ಕೇಳಿದರೆ? ಅವರಿಗೆ ವಿನಿಮಯ ಮಾಡಲು ಪಕ್ಕದಲ್ಲಿ ಒಬ್ಬ ಮುಖ್ಯಮಂತ್ರಿ ಬೇಕಲ್ಲ, ಆದ್ದರಿಂದ ಸದ್ಯಕ್ಕೆ ಕಾಯಬೇಕು.

ಇರಲಿ. ಮುಸುಕಿಲ್ಲದೆ, ಬಂದೋಬಸ್ತಿಲ್ಲದೆ ಎಲ್ಲ ಪಂಗಡಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಕಲಾಕೃತಿಯೂ ಈ ನಗರದಲ್ಲಿದೆ. ನಮ್ಮ ಬೀದಿಯ ತುದಿಯ ಕಾಂಪೌಂಡ್ ಗೋಡೆ. ಅದೇ 2009ರಲ್ಲಿ ಪಾಲಿಕೆ ಊರ ಗೋಡೆಗಳಿಗೆಲ್ಲ ಚಿತ್ರ ಬರೆಸಿತು. ಬರೆದವರಲ್ಲಿ ಹಲವರು ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರು. ಅವರ ಕೈಯಲ್ಲಿ ಹಂಪಿಯ ರಥ, ಜೋಗದ ಜಲಪಾತ ಎಲ್ಲಕ್ಕೂ ಹೀರೋ ಕಳೆ ಬಂತು. ನಮ್ಮ ಗೋಡೆಗೆ ಬಂದದ್ದು ಹುಲಿ, ಮೀಸೆಯ ಒಂದೊಂದು ಎಳೆಯೂ ಎಣಿಸುವ ಹಾಗೆ. ಮೂರು ದಿನ ಜನ ನಿಂತು ನೋಡಿದರು. ನಾಲ್ಕನೆಯ ದಿನ ಗಂಡಸರು ಎಂದಿನಂತೆ ಗೋಡೆಗೆ ಮುಖ ಮಾಡಿ ನಿಂತರು. ಮೂತ್ರ ಸಿಂಪಡಿಸಿ ಎಲ್ಲೆ ಗುರುತಿಸುವುದು ಕಾಡಿನಲ್ಲಿ ಹುಲಿಯ ಹಕ್ಕು. ನಮ್ಮ ಹುಲಿ ತನ್ನ ಹಕ್ಕು ಕೈತಪ್ಪುವುದನ್ನು ಕಣ್ಣು ಬಿಟ್ಟುಕೊಂಡು ನೋಡಿತು. ಎರಡು ಮಳೆಗಾಲದಲ್ಲಿ ಹೊಟ್ಟೆಯವರೆಗೆ ಬಣ್ಣ ಎದ್ದುಹೋಯಿತು.

ಆಮೇಲೆ ಗೋಡೆಯ ಮಾಲೀಕರು ಗಾರೆಯವರನ್ನು ಕರೆಸಿ ಅಂಗೈಯಗಲದ ಟೈಲ್ಸ್ ಕೂರಿಸಿದರು. ಮೊದಲು ತಿರುಪತಿ ತಿಮ್ಮಪ್ಪ, ಪಕ್ಕದಲ್ಲಿ ವೇಲಾಂಕಣಿ ಮಾತೆ, ಆಮೇಲೆ ಮೆಕ್ಕಾದ ಕಾಬಾ, ಕೊನೆಗೆ ಗುರುನಾನಕರು. ಮತ್ತೆ ತಿಮ್ಮಪ್ಪನಿಂದ ಶುರು. ನಮ್ಮ ಬೀದಿಯಲ್ಲಿ ಸರ್ದಾರ್ಜಿ ಒಬ್ಬರೂ ಇಲ್ಲ. ಗುರುನಾನಕರು ಯಾಕೆ ಎಂದು ಕೇಳಿದೆ.

‘ಹೈವೇಯಿಂದ ಲಾರಿಯವರು ಬರುತ್ತಾರೆ ಸ್ವಾಮಿ. ಒಬ್ಬರದು ಬಿಟ್ಟರೂ ಅವರು ಬಂದು ಉಚ್ಚೆ ಹೊಯ್ಯುತ್ತಾರೆ’ ಎಂದರು ಗಾರೆಯವರು, ಕರಣೆಯಿಂದ ಅಂಚು ಒರೆಸುತ್ತ.

ಬಹುತ್ವವನ್ನು ಇಷ್ಟು ಮುತುವರ್ಜಿಯಿಂದ ಕಾಯ್ದವರನ್ನು ನಾನು ಯಾವ ಅಕಾಡೆಮಿಯಲ್ಲೂ ಕಂಡಿಲ್ಲ. ಗೋಡೆ ಅಂದಿನಿಂದ ಒಣಗಿದೆ, ಪಕ್ಕದಲ್ಲೊಬ್ಬಾಕೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಮೊನ್ನೆ ಒಂದೆರಡು ಟೈಲ್ಸ್ ಒಡೆದು ಜಾಗ ಖಾಲಿ ಬಿದ್ದಿತ್ತು, ಅದೇ ಗಾರೆಯವರು ಸಿಮೆಂಟ್ ಕಲಸುತ್ತಿದ್ದರು. ನನಗೆ ಆಸೆ ತಡೆಯಲಿಲ್ಲ. ಈ ಎರಡು ಜಾಗಕ್ಕೆ ಸರ್ವಜ್ಞನನ್ನೂ ತಿರುವಳ್ಳುವರ್ ಅವರನ್ನೂ ಕೂರಿಸಬಹುದಲ್ಲ ಎಂದೆ.

ಅವರು ತಲೆಯೆತ್ತಿ ನನ್ನನ್ನೇ ನೋಡಿದರು.

‘ಗೋಡೆ ಹಾಳಾಗುತ್ತದೆ ಸ್ವಾಮಿ. ಕವಿಗಳಿಗೆಲ್ಲ ಯಾರು ಹೆದರುತ್ತಾರೆ?’