ಫ್ರಿಜ್ಜಿನಲ್ಲಿ ಬೈಕಿನ ಕೀ

ನನ್ನ ಭಾವಮೈದ ಸಿನಿಮಾ ಮಾಡ್ತೀನಿ ಅಂದಾಗ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಹಿಂದೆ ಜಿಮ್ ಇಡ್ತೀನಿ ಅಂದಿದ್ದ, ಆಮೇಲೆ ಅಣಬೆ ಬೆಳೀತೀನಿ ಅಂದಿದ್ದ. ಅಣಬೆಯ ಪ್ಲಾಸ್ಟಿಕ್ ಚೀಲಗಳು ಇನ್ನೂ ನಮ್ಮ ಅಟ್ಟದ ಮೇಲಿವೆ. ಆದರೆ ಈ ಸಲ ಪುಣ್ಯಾತ್ಮ ಲೆಕ್ಕ ಬರೆದುಕೊಂಡೇ ಬಂದಿದ್ದ. ಒಟ್ಟು ಬಜೆಟ್ 38 ಸಾವಿರ ರೂಪಾಯಿ. ಅದರಲ್ಲಿ ಊಟ, ತಿಂಡಿ, ಕಾಫಿಗೇ 14 ಸಾವಿರ.

"ಇಷ್ಟರಲ್ಲಿ ಎಂಥ ಸಿನಿಮಾ ಆಗತ್ತೋ?" ಅಂದೆ.

"ಸೈಕಲಾಜಿಕಲ್ ಥ್ರಿಲ್ಲರ್ ಭಾವ. ಒಬ್ಬ ಮನುಷ್ಯ, ಒಂದು ಮನೆ, ಕತ್ತಲೆ. ಕತ್ತಲೆಗೇನು ಬಾಡಿಗೆ ಕೊಡಬೇಕಾ?"

ಮನೆ ನಮ್ಮದು, ಮೈಸೂರಿನ ಸರಸ್ವತಿಪುರಂನಲ್ಲಿರೋ ಹಳೇ ಹೆಂಚಿನ ಮನೆ. ಮನುಷ್ಯ ನಾನು. "ನಿಮ್ಮ ಮುಖದಲ್ಲಿ ಮೊದಲಿಂದಲೂ ಒಂದು ಸಂಕಟ ಇದೆ ಭಾವ, ನೀವು ನಟನೆ ಮಾಡೋದೇ ಬೇಡ" ಅಂದ. ಈ ಮಾತಿಗೆ ನನ್ನ ಹೆಂಡತಿ ನಕ್ಕ ರೀತಿ ನನಗೆ ಇವತ್ತಿಗೂ ಸರಿ ಕಂಡಿಲ್ಲ.

ಉದಾಹರಣೆಗಳಿಗೇನೂ ಅವನ ಹತ್ತಿರ ಬರವಿರಲಿಲ್ಲ. ಅಮೆರಿಕದಲ್ಲಿ ಓರೆನ್ ಪೇಲಿ ಅನ್ನೋರು 15 ಸಾವಿರ ಡಾಲರಿನಲ್ಲಿ, ತಮ್ಮ ಸ್ವಂತ ಮನೆಯಲ್ಲೇ, 7 ದಿನದಲ್ಲಿ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ತೆಗೆದುಬಿಟ್ಟರಂತೆ. ನಮ್ಮ ಕನ್ನಡದಲ್ಲೇ 2013ರಲ್ಲಿ ಬಂದ 'ಲೂಸಿಯಾ'ಗೆ ಪ್ರೇಕ್ಷಕರೇ ದುಡ್ಡು ಹಾಕಿರಲಿಲ್ವಾ ಅಂತ, ಇವನೂ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮನವಿ ಹಾಕಿದ. ಗ್ರೂಪಿನಲ್ಲಿ ಇದ್ದಿದ್ದು 63 ಜನ. ಒಬ್ಬರು ಕೈಮುಗಿಯೋ ಚಿತ್ರ ಕಳಿಸಿದರು. ಒಬ್ಬರು 500 ರೂಪಾಯಿ ಹಾಕಿದರು. ದೊಡ್ಡಪ್ಪ "ಮದುವೆ ಯಾವಾಗ?" ಅಂತ ಕೇಳಿದರು.

ಆದರೆ ನನ್ನನ್ನು ಕೆಡವಿದ್ದು ಕ್ರಿಸ್ಟೋಫರ್ ನೋಲನ್. ಅವರ ಮೊದಲ ಸಿನಿಮಾ 'ಫಾಲೋಯಿಂಗ್' ಬಂದಿದ್ದು 1998ರಲ್ಲಿ. ಎಲ್ಲರೂ ಕೆಲಸಕ್ಕೆ ಹೋಗೋ ಸ್ನೇಹಿತರೇ ಆಗಿದ್ದರಿಂದ ಶನಿವಾರ ಶನಿವಾರ ಮಾತ್ರ ಶೂಟಿಂಗ್ ಮಾಡಿ, ಹೆಚ್ಚುಕಮ್ಮಿ ಒಂದು ವರ್ಷ ಎಳೆದು ಮುಗಿಸಿದರಂತೆ. ನಾನು ಬ್ಯಾಂಕಿನವನು. ನನಗೂ ಶನಿವಾರ ರಜೆ ಇದೆ, ಆದರೆ ಎರಡನೆಯದು ಮತ್ತು ನಾಲ್ಕನೆಯದು. ಹಾಗಾಗಿ ನೋಲನ್‌ಗಿಂತ ಅರ್ಧ ವೇಗದಲ್ಲಿ ನಮ್ಮ ಕೆಲಸ ಶುರುವಾಯಿತು.

ಕಥೆ ನಡೆಯೋದು ಒಂದೇ ಒಂದು ರಾತ್ರಿ. ಶೂಟಿಂಗ್ ನಡೆದಿದ್ದು ಆಷಾಢದಿಂದ ಕಾರ್ತಿಕದವರೆಗೆ. ತೊಂದರೆಯೆಲ್ಲ ಇಲ್ಲೇ ಇತ್ತು. ಹೀರೋಗೆ ನಾಲ್ಕು ದಿನದ ಗಡ್ಡ ಇರಬೇಕು ಅಂತ ಬೆಳೆಸಿದ್ದೆ, ಶ್ರಾವಣದಲ್ಲಿ ಚಿಕ್ಕಮ್ಮನ ಮನೆ ಗೃಹಪ್ರವೇಶ ಬಂತು. ಗಡ್ಡ ಬಿಟ್ಟುಕೊಂಡು ಪೂಜೆಗೆ ಹೋಗೋಕಾಗತ್ತಾ? ಈಗ ಸಿನಿಮಾದಲ್ಲಿ ಗಡ್ಡದ ಮನುಷ್ಯನೊಬ್ಬ ಸದ್ದು ಕೇಳಿ ಹಾಲಿನಿಂದ ಎದ್ದು ಹೋಗುತ್ತಾನೆ, ಅಡುಗೆಮನೆ ಹೊಸ್ತಿಲು ದಾಟುವಷ್ಟರಲ್ಲಿ ನುಣ್ಣಗೆ ಶೇವ್ ಆಗಿರುತ್ತಾನೆ, ಹಣೆಯ ಮೇಲೆ ಸಣ್ಣಗೆ ಕುಂಕುಮ ಕೂಡ ಇದೆ. ಗೋಡೆ ಮೇಲಿನ ಕ್ಯಾಲೆಂಡರನ್ನು ನಮ್ಮತ್ತೆ ತಿಂಗಳು ತಿಂಗಳು ತಪ್ಪದೆ ಮಗುಚಿದ್ದರಿಂದ ಆ ಒಂದು ರಾತ್ರಿಯಲ್ಲಿ ಜುಲೈ, ಸೆಪ್ಟೆಂಬರ್, ಮತ್ತೆ ಆಗಸ್ಟ್ ಎಲ್ಲ ಬಂದು ಹೋಗುತ್ತವೆ.

ಭಾವಮೈದನಿಗೆ ಇದ್ಯಾವುದೂ ತಪ್ಪಲ್ಲ. "ಅವನ ಒಳಗಿರೋ ಇನ್ನೊಬ್ಬ ಭಾವ, ಗಡ್ಡ ಇಲ್ಲದೋನು." ಕ್ಯಾಲೆಂಡರ್? "ಅವನಿಗೆ ಕಾಲದ ಪರಿವೆಯೇ ಇಲ್ಲ." ಕನ್ನಡಿಯಲ್ಲಿ ಫೋನ್ ಹಿಡಿದ ನಿನ್ನ ಹೊಟ್ಟೆ ಕಾಣ್ತಿದೆಯಲ್ಲೋ? ಎರಡು ನಿಮಿಷ ಯೋಚನೆ ಮಾಡಿ, "ಯಾರೋ ತನ್ನನ್ನ ನೋಡ್ತಿದಾರೆ ಅನ್ನೋ ಭ್ರಮೆ" ಅಂದ. ಲವ್ ಸ್ಟೋರಿಗೆ, ಫೈಟಿಂಗಿಗೆ ಈ ಸೌಕರ್ಯ ಇಲ್ಲ ನೋಡಿ. ಎಷ್ಟೇ ಕೆಟ್ಟದಾಗಿ ತೆಗೆದರೂ ತಪ್ಪೆಲ್ಲ ಹೀರೋ ತಲೆ ಮೇಲೆ ಹಾಕಬಹುದಾದ ಸಿನಿಮಾ ಇದೊಂದೇ ಅನ್ನೋದು ನನ್ನ ಅನುಭವ.

ಒಂದನ್ನು ಮಾತ್ರ ಅವನಿಂದಲೂ ಸಮರ್ಥಿಸೋಕೆ ಆಗಲಿಲ್ಲ. ಸದ್ದು. ಹೀರೋ ಒಂಟಿ, ಮನೆ ನಿಶ್ಶಬ್ದ ಅಂತ ಸ್ಕ್ರಿಪ್ಟಿನಲ್ಲಿ ಪ್ರತಿ ಪುಟದಲ್ಲೂ ಬರೆದಿತ್ತು. ನಮ್ಮ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಸುಪ್ರಭಾತ, ಏಳಕ್ಕೆ ಕಸದ ಗಾಡಿಯ ಹಾಡು, ಎಂಟಕ್ಕೆ ಸೊಪ್ಪಿನಮ್ಮ, ಆಮೇಲೆ ಕುಕ್ಕರ್. ನಮ್ಮದು ಎರಡು ಸೀಟಿ ಅಂತ ಕಾದರೆ ಪಕ್ಕದ ಮನೆಯದು ಮೂರು. ರಾತ್ರಿ ಶೂಟಿಂಗ್ ಇಟ್ಟರೆ ಬೀದಿನಾಯಿಗಳ ಸಭೆ. ಫ್ಯಾನ್ ಆರಿಸಬೇಕು, ಕಿಟಕಿ ಮುಚ್ಚಬೇಕು, ಗಡಿಯಾರದ ಸೆಲ್ ತೆಗೀಬೇಕು, ಕೊನೆಗೆ ಫ್ರಿಜ್ಜೂ ಆಫ್. ಹದಿನೈದು ವರ್ಷದ ನಮ್ಮ ಫ್ರಿಜ್ಜು ಗುಂಯ್ ಅಂತಿರತ್ತೆ ಅನ್ನೋದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಫ್ರಿಜ್ ಆಫ್ ಮಾಡಿದವರು ಮತ್ತೆ ಆನ್ ಮಾಡೋದು ಮರೀತಾರೆ ಅಂತ ಸೌಂಡಿನವರು ಒಂದು ಉಪಾಯ ಮಾಡುತ್ತಾರಂತೆ. ತಮ್ಮ ಗಾಡಿ ಕೀಯನ್ನು ಫ್ರಿಜ್ಜಿನೊಳಗೇ ಇಟ್ಟುಬಿಡೋದು. ಮನೆಗೆ ಹೋಗೋಕೆ ಕೀ ಬೇಕೇ ಬೇಕು, ಕೀ ತಗೊಳ್ಳೋಕೆ ಹೋದಾಗ ಸ್ವಿಚ್ ನೆನಪಾಗತ್ತೆ. ಒಳ್ಳೇ ಉಪಾಯವೇ. ನಾನೂ ನನ್ನ ಬೈಕಿನ ಕೀಯನ್ನು ಹುರುಳಿಕಾಯಿ ಪಕ್ಕ ಇಟ್ಟೆ. ಆದರೆ ಉಪಾಯ ಕಂಡುಹಿಡಿದವರ ಮನೆಯಲ್ಲಿ ಅತ್ತೆ ಇರಲಿಲ್ಲ ಅಂತ ಕಾಣತ್ತೆ. ನೀರು ಕುಡಿಯೋಕೆ ಎದ್ದ ನಮ್ಮತ್ತೆ ಕತ್ತಲಲ್ಲೇ ಫ್ರಿಜ್ ತೆಗೆದು, ಕೈಗೆ ಸಿಕ್ಕ ಕೀಯನ್ನು ತಂದು, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಮಲಗಿದರು. ಬೆಳಿಗ್ಗೆ ನಾನು ಮೊಳೆಯಿಂದ ಕೀ ತಗೊಂಡು ಹಾಯಾಗಿ ತರಕಾರಿಗೆ ಹೋದೆ. ಬಂದು ನೋಡಿದರೆ ಹಾಲು ಒಡೆದಿದೆ, ಐಸ್ ಕರಗಿ ಊಟದ ಮನೆತನಕ ಹರಿದಿದೆ, ದೋಸೆ ಹಿಟ್ಟು ಪಾತ್ರೆ ಬಿಟ್ಟು ಎದ್ದು ಬಂದು ಕೊತ್ತಂಬರಿ ಸೊಪ್ಪಿನ ಮೇಲೆ ಕೂತಿದೆ. ಹೆಂಡತಿ ಮೂರು ದಿನ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ನಿಶ್ಶಬ್ದ ಇದ್ದದ್ದು ಆ ಮೂರೇ ದಿನ. ದುರದೃಷ್ಟಕ್ಕೆ ಅವು ಸೋಮವಾರ, ಮಂಗಳವಾರ, ಬುಧವಾರ.

ಇನ್ನೊಂದು ಕಡೆ ಅತ್ತೆಯ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ನಡೀತಿತ್ತು. ಸಿನಿಮಾ ಅಂದರೆ ಅವರಿಗೆ ಕ್ರೇನು, ಕಾರು, ಮೇಕಪ್ಪು. ನಾಲ್ಕು ಹುಡುಗರು ಒಂದು ಫೋನ್ ಹಿಡಿದುಕೊಂಡು ಓಡಾಡೋದು ಸಿನಿಮಾ ಅಂತ ಅವರು ಒಂದು ಕ್ಷಣವೂ ನಂಬಲಿಲ್ಲ. ಅವರ ಕಣ್ಣಿಗೆ ಬಿದ್ದಿದ್ದು ಇಷ್ಟು: ಅಳಿಯ ಕನ್ನಡಿ ಮುಂದೆ ನಿಂತು ಒಬ್ಬನೇ ಮಾತಾಡ್ತಾನೆ, ದೀಪ ಆರಿಸಿ ಮೂಲೆಯಲ್ಲಿ ಕೂರ್ತಾನೆ, ಬೈಕಿನ ಕೀಯನ್ನು ಫ್ರಿಜ್ಜಿನಲ್ಲಿ ಇಡ್ತಾನೆ. "ಪಾಪ, ಬ್ಯಾಂಕಲ್ಲಿ ಕೆಲಸ ಜಾಸ್ತಿ ಕಣೆ. ಯಾರ ಕಣ್ಣು ಬಿತ್ತೋ" ಅಂತ ಮಗಳ ಹತ್ತಿರ ಅಂದಿದ್ದರಂತೆ. ಮಗಳು ಸುಮ್ನೆ ತಲೆಯಾಡಿಸಿದಳಂತೆ. ಫ್ರಿಜ್ಜಿನ ಸೇಡು.

ಕ್ಲೈಮ್ಯಾಕ್ಸ್ ದಿನ. ಹೀರೋ ಹಾಲಿನ ನಡುವೆ ಕೂತು, ಕೈಗೆ ಮೆತ್ತಿದ ರಕ್ತ ನೋಡಿಕೊಂಡು ಅಳಬೇಕು. ರಕ್ತ ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ ಹಾಕಿ ಮಾಡಿದ್ದು. ಬಣ್ಣ ಕಮ್ಮಿಯಾಗಿ ಕೇಸರಿಬಾತಿನ ಹಾಗೆ ಕಾಣುತ್ತಿತ್ತು, ಇರುವೆ ಬೇರೆ ಸಾಲಾಗಿ ಬಂದು ಕಚ್ಚಿದ್ದರಿಂದ ಅಳು ಮಾತ್ರ ಚೆನ್ನಾಗೇ ಬಂತು. ಆ ಹೊತ್ತಿಗೆ ಸರಿಯಾಗಿ ಕೋಣೆ ಬಾಗಿಲು ಕಿರ್ ಅಂತ ತೆರೆದು, ಬಿಳೀ ಸೀರೆ, ಬಿಚ್ಚಿದ ಕೂದಲು, ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದ ಅತ್ತೆ ಹೊರಗೆ ಬಂದರು. ಯಾರ ಮುಖವನ್ನೂ ನೋಡದೆ ನನ್ನ ಸುತ್ತ ಮೂರು ಸಲ ಕೈ ಸುತ್ತಿಸಿ, ಬಾಯಲ್ಲೇ ಏನೋ ಗುಣುಗುಣಿಸುತ್ತ ನಿವಾಳಿಸಿ, ಅಡುಗೆಮನೆಗೆ ಹೋಗಿ ಗ್ಯಾಸ್ ಹಚ್ಚಿ ಮೆಣಸಿನಕಾಯನ್ನು ಸುಟ್ಟರು. ಆ ಕತ್ತಲಲ್ಲಿ ಆ ನೀಲಿ ಉರಿಯಲ್ಲಿ ಅವರ ಅರ್ಧ ಮುಖ ಕಂಡಾಗ, ಸತ್ಯ ಹೇಳ್ತೀನಿ, ಹನ್ನೆರಡು ವರ್ಷದಿಂದ ಅವರ ಕೈ ಸಾರು ಉಂಡಿರೋ ನನಗೇ ಎದೆ ಝಲ್ ಅಂತು. ಭಾವಮೈದ ಕಟ್ ಹೇಳಲೇ ಇಲ್ಲ. ಘಾಟಿಗೆ ಐದೂ ಜನ ಬಾಯಿಗೆ ಟವೆಲ್ ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ನಿಂತಿದ್ದರು.

ಇಡೀ ಸಿನಿಮಾದಲ್ಲಿ ತಪ್ಪಿಲ್ಲದ ಶಾಟ್ ಅದೊಂದೇ. ಕಥೆಯನ್ನು ಅದರ ಸುತ್ತ ಮತ್ತೆ ಬರೆದರು. ಆಮೇಲೆ ಎಲ್ಲವನ್ನೂ ಕಪ್ಪು ಬಿಳುಪು ಮಾಡಿದರು. ಹಿಚ್‌ಕಾಕ್ ಕೂಡ 1960ರ 'ಸೈಕೋ'ದಲ್ಲಿ ರಕ್ತಕ್ಕೆ ಚಾಕೊಲೇಟ್ ಸಿರಪ್ ಸುರಿಸಿದ್ದರು, ಕಪ್ಪು ಬಿಳುಪಿನಲ್ಲಿ ಅದು ರಕ್ತವೇ ಆಯಿತು. ನಮ್ಮ ಕೇಸರಿಬಾತೂ ಹಾಗೇ ಬಚಾವಾಯಿತು.

ಕೊನೆಗೆ ಉಳಿದಿದ್ದು ರೂಮ್ ಟೋನ್. ಅಂದರೆ ಯಾರೂ ಅಲುಗಾಡದೆ ಅರ್ಧ ನಿಮಿಷ ಖಾಲಿ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳೋದು. ಎಡಿಟಿಂಗಿನಲ್ಲಿ ಮಾತುಗಳ ಮಧ್ಯೆ ಅಂಟಿಸೋಕೆ ಬೇಕಂತೆ. ರಾತ್ರಿ ಎರಡೂ ಮುಕ್ಕಾಲಿಗೆ, ನಾಯಿಗಳೂ ಮಲಗಿದ ಮೇಲೆ, ಅದು ಸಿಕ್ಕಿತು. ಕೇಳಿ ನೋಡಿದರೆ ಅದರ ಅಡಿಯಲ್ಲಿ, ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ, ಗರ್ರ್... ಅಂತ ಎಳೆದು, ನಿಂತು, ಮತ್ತೆ ಎಳೆಯೋ ಒಂದು ಸದ್ದು. ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಭಾವಮೈದ ಅದನ್ನು ತೆಗೆಯಲಿಲ್ಲ, ಜಾಸ್ತಿ ಮಾಡಿದ.

ಬಡಾವಣೆಯ ಸಂಘದ ಹಾಲಿನಲ್ಲಿ ಪ್ರದರ್ಶನ. 40 ಕುರ್ಚಿ, ಗೋಡೆಗೆ ಕಟ್ಟಿದ ಬಿಳೀ ಪಂಚೆ. ಶಾಲು ಹೊದ್ದು ಅತ್ತೆ ಮೊದಲ ಸಾಲಿನಲ್ಲಿ, ಪಕ್ಕದಲ್ಲಿ ನಾನು. ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ಆ ಸದ್ದು ಎದ್ದಿತು. ಹಿಂದಿನ ಸಾಲಿನ ಹುಡುಗಿಯರು ಒಬ್ಬರಿಗೊಬ್ಬರು ಅಂಟಿಕೊಂಡರು. "ಎಂಥ ಸೌಂಡ್ ಡಿಸೈನ್ ಮಗಾ" ಅಂತ ಯಾರೋ ಪಿಸುಗುಟ್ಟಿದರು.

ಅತ್ತೆಗೆ ತಡೆಯಲಾಗಲಿಲ್ಲ. ಎದ್ದು ನಿಂತು ಹಿಂದೆ ತಿರುಗಿ, ಅಷ್ಟೂ ಜನರನ್ನು ಕಣ್ಣಲ್ಲೇ ಹುಡುಕುತ್ತ ಜೋರಾಗಿ ಕೇಳಿಯೇಬಿಟ್ಟರು:

"ಯಾರ್ರೀ ಅದು? ಹುಡುಗ ಕಷ್ಟಪಟ್ಟು ಸಿನಿಮಾ ಮಾಡಿದಾನೆ, ಬಂದು ಗೊರಕೆ ಹೊಡೀತೀರಲ್ಲ!"