ಗುಂಡನ ಪಾಲೆಷ್ಟು?

ನಮ್ಮಕ್ಕನ ಮಗಳು ಶ್ವಾನ ಚಿಕಿತ್ಸೆಯಲ್ಲಿ ಡಿಗ್ರಿ ಮಾಡುತ್ತಿದ್ದಾಳೆ. ಸೇರಿದ ದಿನ ಫೋನ್ ಮಾಡಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ನಾಯಿಗೆ ಚಿಕಿತ್ಸೆಯೋ, ನಾಯಿಯಿಂದ ಚಿಕಿತ್ಸೆಯೋ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಎರಡನೇ ಸೆಮಿಸ್ಟರ್‌ನಲ್ಲಿ ಹೇಳ್ತಾರಂತೆ ಮಾಮಾ" ಅಂದಳು.

ಮೇಷ್ಟ್ರು ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿಸುವಾಗ ಇದೆಲ್ಲ ಯಾಕೆ ಅಂತ ಗೊಣಗಿದ್ದೆ. ಈಗ ಗೊತ್ತಾಯಿತು. ‘ಗೆ’ ಹಾಕಿದರೆ ನಾಯಿ ರೋಗಿ. ‘ಇಂದ’ ಹಾಕಿದರೆ ನಾಯಿ ಡಾಕ್ಟರು. ಎರಡನ್ನೂ ಹಾಕದೆ ಬಿಟ್ಟರೆ ಅದು ವಿಶ್ವವಿದ್ಯಾಲಯದ ಕೋರ್ಸು.

‘ಗೆ’ ಪಕ್ಷದವರ ಬಗ್ಗೆ ನನ್ನ ತಕರಾರಿಲ್ಲ. ಸೊಂಟದ ಕೀಲು ಸವೆದ ನಾಯಿಯನ್ನು ನೀರೊಳಗಿನ ಟ್ರೆಡ್‌ಮಿಲ್ ಮೇಲೆ ನಡೆಸುವುದು ನಿಜವಾದ ವಿದ್ಯೆ. ನೀರು ಮೈಭಾರ ಹೊರುತ್ತದೆ, ಕೀಲಿಗೆ ನೋವಾಗದಂತೆ ಸ್ನಾಯು ಬಲಿಯುತ್ತದೆ. ನೀರು ಎಲ್ಲಿಯವರೆಗೆ ಇರಬೇಕು, ಎಷ್ಟು ಹೊತ್ತು ನಡೆಸಬೇಕು ಅನ್ನುವುದಕ್ಕೆ ಓದು ಬೇಕು. ನನಗೆ ನಗು ಬರುವುದು ‘ಇಂದ’ ಪಕ್ಷದವರನ್ನು ನೋಡಿ. ಅಲ್ಲಿ ಚಿಕಿತ್ಸೆ ಕೊಡುವುದು ನಾಯಿ. ಪಾಸಾಗುವುದು ಹಗ್ಗದ ಈ ತುದಿ ಹಿಡಿದವರು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಅನ್ನುತ್ತಾರಲ್ಲ, ಇಲ್ಲಿ ಬಾಲ ಅಲ್ಲಾಡಿದ್ದಕ್ಕೆ ಮನುಷ್ಯರಿಗೆ ಮಾರ್ಕ್ಸು.

ಈ ವಿದ್ಯೆ ಹುಟ್ಟಿದ ಕಥೆಯನ್ನೂ ಅವಳೇ ಹೇಳಿದಳು. ಅಮೆರಿಕದಲ್ಲಿ ಬೋರಿಸ್ ಲೆವಿನ್ಸನ್ ಅಂತ ಮಕ್ಕಳ ಮನಶ್ಶಾಸ್ತ್ರಜ್ಞರಿದ್ದರು. ಯಾರ ಜೊತೆಗೂ ಬೆರೆಯದ ಒಬ್ಬ ಹುಡುಗನನ್ನು ಅವನ ಮನೆಯವರು ಹೇಳಿದ ಹೊತ್ತಿಗಿಂತ ಮೊದಲೇ ಕರೆತಂದರು. ಲೆವಿನ್ಸನ್ ಅವರ ನಾಯಿ ಜಿಂಗಲ್ಸ್ ಇನ್ನೂ ಕೋಣೆಯಲ್ಲೇ ಇತ್ತು. ಓಡಿಬಂದು ಹುಡುಗನನ್ನು ನೆಕ್ಕಿತು. ಅವನು ಹೆದರಲಿಲ್ಲ, ಅದನ್ನು ಅಪ್ಪಿಕೊಂಡ. ನಾಯಿಯ ಜೊತೆ ಆಡುತ್ತಾ ಆಡುತ್ತಾ ಕೊನೆಗೆ ಡಾಕ್ಟರನ್ನೂ ಆಟಕ್ಕೆ ಸೇರಿಸಿಕೊಂಡ. 1962ರಲ್ಲಿ ಲೆವಿನ್ಸನ್ ನಾಯಿಯನ್ನು ‘ಸಹ ಚಿಕಿತ್ಸಕ’ ಎಂದು ಕರೆದು ಲೇಖನ ಬರೆದರು. ಅದಕ್ಕೂ ಮುಂಚೆ ಸಭೆಯಲ್ಲಿ ಈ ವಿಷಯ ಹೇಳಿದಾಗ ನಕ್ಕವರೇ ಜಾಸ್ತಿ. ನಿಮ್ಮ ಫೀಸಿನಲ್ಲಿ ನಾಯಿಗೆ ಎಷ್ಟು ಪಾಲು ಕೊಡ್ತೀರಿ ಅಂತಲೂ ಕೇಳಿದರಂತೆ. ಗೇಲಿಗೆ ಕೇಳಿದ್ದು, ಸರಿ. ಆದರೆ ಅರವತ್ತು ವರ್ಷ ದಾಟಿದರೂ ಆ ಪ್ರಶ್ನೆಗೆ ಉತ್ತರ ಬಂದಿಲ್ಲ ನೋಡಿ.

ಅಂದಹಾಗೆ, ಜಿಂಗಲ್ಸ್ ಒಂದು ಸೆಮಿಸ್ಟರೂ ಮುಗಿಸಿರಲಿಲ್ಲ.

ರಜೆಗೆ ಬಂದವಳು ನಮ್ಮ ಮನೆಯ ನಾಯಿ ಗುಂಡನ ಮೇಲೆ ಪ್ರಾಕ್ಟಿಕಲ್ ಶುರು ಮಾಡಿದಳು. ಮೊದಲು ಒಪ್ಪಿಗೆ ಪರೀಕ್ಷೆ. ಕೆಲವು ಸೆಕೆಂಡ್ ಸವರಬೇಕು, ಕೈ ತೆಗೆಯಬೇಕು, ನಾಯಿ ತಾನಾಗಿ ಮತ್ತೆ ಹತ್ತಿರ ಬರುತ್ತದಾ ನೋಡಬೇಕು. ಬಂದರೆ ಒಪ್ಪಿಗೆ. ಒಳ್ಳೆಯ ಪದ್ಧತಿಯೇ, ನೆಂಟರ ಮಕ್ಕಳ ಕೆನ್ನೆ ಹಿಂಡುವವರಿಗೂ ಕಲಿಸಬಹುದು. ಗುಂಡ ಬಂದ. ಆದರೆ ಅವಳ ಕೈ ಹೋಗಿದ್ದು ಅವನ ತಲೆಗಲ್ಲ, ಪೆನ್ನಿಗೆ. ಬರೆದುಕೊಂಡಳು. ಮತ್ತೆ ಸವರಿದಳು. ಮತ್ತೆ ಪೆನ್ನು. ಐದನೇ ಸಲಕ್ಕೆ ಗುಂಡ ಹಲ್ಲೆಲ್ಲ ಕಾಣುವಂತೆ ಆಕಳಿಸಿದ.

"ನೋಡು ಮಾಮಾ, ನೋಡು! ಆಕಳಿಕೆ, ತುಟಿ ನೆಕ್ಕೋದು, ಮುಖ ಆಚೆ ತಿರುಗಿಸೋದು, ಇವೆಲ್ಲ ಒತ್ತಡದ ಲಕ್ಷಣ. ಇವನಿಗೆ ಏನೋ ಒತ್ತಡ ಇದೆ."

ಏನು ಒತ್ತಡ ಅಂತ ನನಗೂ ಗೊತ್ತಿತ್ತು, ಗುಂಡನಿಗೂ ಗೊತ್ತಿತ್ತು. ಇಬ್ಬರೂ ಸುಮ್ಮನಿದ್ದೆವು.

ಅವಳ ನೋಟ್ಸು ತಿರುವಿ ನೋಡಿದೆ. ಸವರುವುದಕ್ಕೆ ‘ಸ್ಪರ್ಶಾಧಾರಿತ ಮಧ್ಯಸ್ಥಿಕೆ’ ಅಂತ ಹೆಸರು. ಸುಮ್ನೆ ಪಕ್ಕದಲ್ಲಿ ಕೂರುವುದು ‘ಉಪಸ್ಥಿತಿ ಬೆಂಬಲ’. ನಾಯಿಯನ್ನು ನಾಯಿ ಅನ್ನುವ ಹಾಗಿಲ್ಲ, ‘ಪಾಲುದಾರ ಪ್ರಾಣಿ’. ಪಾಲು ಎಷ್ಟು ಅಂತ ಮಾತ್ರ ಎಲ್ಲೂ ಬರೆದಿಲ್ಲ. ಇನ್ನೊಂದು ಪುಟದಲ್ಲಿ 2015ರ ಜಪಾನಿನ ಸಂಶೋಧನೆ: ನಾಯಿಯೂ ಯಜಮಾನನೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರೆ ಇಬ್ಬರಲ್ಲೂ ಆಕ್ಸಿಟೋಸಿನ್ ಅನ್ನುವ, ಪ್ರೀತಿ-ಬಾಂಧವ್ಯ ಬೆಸೆಯುವ ಹಾರ್ಮೋನು ಏರುತ್ತದೆ. ನಾನೂ ಗುಂಡನನ್ನು ದಿಟ್ಟಿಸಿದೆ. ಅವನು ಗೋಡೆಯ ಕಡೆ ತಿರುಗಿದ. "ಹಾಗೆ ದುರುಗುಟ್ಟಬಾರದು ಮಾಮಾ, ನಾಯಿಗೆ ಅದು ಬೆದರಿಕೆ." ಪ್ರೀತಿಯಿಂದ ನೋಡುವುದಕ್ಕೂ ದುರುಗುಟ್ಟುವುದಕ್ಕೂ ಇರುವ ವ್ಯತ್ಯಾಸ ಮೂರನೇ ವರ್ಷದ ಪಾಠವಂತೆ.

ಡಿಗ್ರಿ ವಿಚಾರದಲ್ಲಿ ನಾಯಿಗಳೇನೂ ಹಿಂದೆ ಬಿದ್ದಿಲ್ಲ. 2009ರಲ್ಲಿ ಅಮೆರಿಕದ ಚೆಸ್ಟರ್ ಅನ್ನುವ ಪಗ್ ನಾಯಿ ಒಂದು ಆನ್‌ಲೈನ್ ವಿಶ್ವವಿದ್ಯಾಲಯದಿಂದ ಎಂಬಿಎ ಪಡೆಯಿತು, ‘ಜೀವನಾನುಭವ’ದ ಆಧಾರದ ಮೇಲೆ. ದುಡ್ಡು ಕಟ್ಟಿದರೆ ಯಾರಿಗೆ ಬೇಕಾದರೂ ಕೊಡುತ್ತಾರೆ ಅಂತ ತೋರಿಸಲು ಹೂಡಿದ ಉಪಾಯ ಅದು. 2017ರಲ್ಲಿ ಆಸ್ಟ್ರೇಲಿಯಾದ ಪ್ರೊಫೆಸರೊಬ್ಬರ ನಾಯಿ, ‘ಡಾ. ಒಲಿವಿಯಾ ಡಾಲ್’ ಅನ್ನುವ ಹೆಸರಲ್ಲಿ 7 ವೈದ್ಯಕೀಯ ಪತ್ರಿಕೆಗಳ ಸಂಪಾದಕ ಮಂಡಳಿಯಲ್ಲಿ ಕೂತಿರುವುದು ಬಯಲಾಯಿತು. ಆಕೆಯ ಸಂಶೋಧನೆಯ ವಿಷಯ, ಮಧ್ಯಮ ಗಾತ್ರದ ನಾಯಿಗಳಿಗೆ ಹೊಟ್ಟೆ ಮಾಲೀಶಿನಿಂದ ಆಗುವ ಲಾಭ. ಸಂಶೋಧಕಿಗೆ ವಿಷಯದ ಮೇಲೆ ಇಷ್ಟು ಪ್ರೀತಿ ಇರುವುದನ್ನು ನಾನಂತೂ ಕಂಡಿಲ್ಲ.

ಇವೆರಡು ತಮಾಷೆ. ತಮಾಷೆಯಲ್ಲದ್ದೂ ಒಂದಿದೆ. 2020ರಲ್ಲಿ ಅಮೆರಿಕದ ವರ್ಜಿನಿಯಾ ಟೆಕ್ ವಿಶ್ವವಿದ್ಯಾಲಯ ತನ್ನ ಥೆರಪಿ ನಾಯಿ ಮೂಸ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ವಿದ್ಯಾರ್ಥಿಗಳ 7,500ಕ್ಕೂ ಹೆಚ್ಚು ಕೌನ್ಸೆಲಿಂಗ್‌ಗಳಲ್ಲಿ ಜೊತೆಗೆ ಕೂತ ಲ್ಯಾಬ್ರಡಾರ್ ಅದು. ಗೌರವ ಡಾಕ್ಟರೇಟ್ ಪಡೆದ ಮನುಷ್ಯರಲ್ಲಿ ಅಷ್ಟು ಕೆಲಸ ಮಾಡಿದವರು ಎಷ್ಟು ಜನ, ಆ ಲೆಕ್ಕ ಬೇಡ ಬಿಡಿ.

ಪರೀಕ್ಷೆಗೆ ಎರಡು ದಿನ ಇರುವಾಗ ಅಕ್ಕನ ಮಗಳು ಪುಸ್ತಕ ಮುಚ್ಚಿ ಅಳತೊಡಗಿದಳು. ಒಂದೂ ತಲೆಗೆ ಹೋಗ್ತಿಲ್ಲ ಅಂತ. ನಾನು ಏನೋ ಹೇಳಲು ಹೋಗಿ ಇನ್ನೂ ಜಾಸ್ತಿ ಅಳಿಸಿದೆ. ಬಾಗಿಲ ಹತ್ತಿರ ಮಲಗಿದ್ದ ಗುಂಡ ಎದ್ದ. ಮೈ ಒದರಿದ. ಬಂದು ಅವಳ ತೊಡೆಯ ಮೇಲೆ ಗದ್ದ ಇಟ್ಟು ಕೂತ. ಅವಳ ಕೈ ತಾನಾಗಿ ಅವನ ಕಿವಿಯ ಹಿಂದೆ ಹೋಯಿತು. ಅಳು ಬಿಕ್ಕಾಯಿತು, ಬಿಕ್ಕು ನಿಂತಿತು.

ನಾನೂ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವಳು ಧಡಕ್ಕನೆ ಎದ್ದಳು. "ಮಾಮಾ, ಟೈಮ್ ನೋಡ್ಕೊಂಡ್ಯಾ? ಎಷ್ಟು ನಿಮಿಷ ಆಯ್ತು? ಇದನ್ನೇ ಕೇಸ್ ಸ್ಟಡಿಗೆ ಬರೀಬಹುದು!" ಫಾರಂ ನೆಲದ ಮೇಲೆ ಹರಡಿ ಬರೆಯಲು ಕೂತಳು. ಕಡೆಯ ಸಾಲು, ‘ಚಿಕಿತ್ಸಕರ ಸಹಿ’. ಅಷ್ಟರಲ್ಲಿ ಗುಂಡ, ಏನು ನಡೀತಿದೆ ಅಂತ ನೋಡಲು, ಒದ್ದೆ ಕಾಲನ್ನು ಅದೇ ಜಾಗದಲ್ಲಿ ಊರಿದ. ನಾಲ್ಕು ಬೆರಳು, ಒಂದು ಅಂಗಾಲು, ಸ್ಪಷ್ಟವಾಗಿ ಮೂಡಿತು.

"ಥೂ, ಹಾಳೆ ಗಲೀಜಾಯ್ತು" ಅಂತ ಅದನ್ನು ಮುದ್ದೆ ಮಾಡಿ ಎಸೆದು, ಹೊಸ ಫಾರಂ ತಂದು ತನ್ನ ಸಹಿ ಹಾಕಿದಳು.