ಸಿಸ್ಟರಣ್ಣನ ಕಿವಿ

ನಾನು ಬಿ.ಎಸ್ಸಿ. ನರ್ಸಿಂಗ್ ಸೇರ್ತೀನಿ ಅಂದಾಗ ಅರಕಲಗೂಡಿನ ಹತ್ತಿರದ ನಮ್ಮೂರಲ್ಲಿ ಮೊದಲು ಎದ್ದದ್ದು ಫೀಸಿನ ಪ್ರಶ್ನೆಯಲ್ಲ, ಬಟ್ಟೆಯದ್ದು. "ಬಿಳಿ ಫ್ರಾಕು ಹಾಕ್ಕೋಬೇಕೇನ್ಲಾ?" ಅಂತ ಸೋದರಮಾವ ಬಹಳ ಗಂಭೀರವಾಗಿ ಕೇಳಿದರು. ಇಲ್ಲ ಮಾವ, ಪ್ಯಾಂಟು ಶರ್ಟು ಅಂದ ಮೇಲೆ ಅವರಿಗೆ ಅರ್ಧ ಜೀವ ಬಂತು. ಅಮ್ಮ ಮಾತ್ರ ಯಾವ ಗೊಂದಲಕ್ಕೂ ಎಡೆ ಕೊಡದೆ, "ಮಗ ಡಾಕ್ಟರ್ ಲೈನಲ್ಲಿ ಓದ್ತಾವ್ನೆ" ಅಂತ ಊರಿಗೆಲ್ಲ ಹೇಳಿ ಮುಗಿಸಿದಳು.

ಬೆಂಗಳೂರಿನ ಕಾಲೇಜಿನಲ್ಲಿ ನಮ್ಮ ತರಗತಿಯ ಮುಕ್ಕಾಲು ಪಾಲು ಕೇರಳದವರು, ಮುಕ್ಕಾಲಕ್ಕಿಂತ ಹೆಚ್ಚು ಹುಡುಗಿಯರು. ಕನ್ನಡದ ಗಂಡು ಹುಡುಗ ಅಂದರೆ ಹೋಳಿಗೆ ಊಟದ ಎಲೆಯಲ್ಲಿ ಉಪ್ಪಿದ್ದಷ್ಟು. ವಾರ್ಡಿನಲ್ಲಿ ನನ್ನನ್ನು ಏನಂತ ಕರೆಯಬೇಕೋ ರೋಗಿಗಳಿಗೆ ತಿಳಿಯುತ್ತಿರಲಿಲ್ಲ. ಅಭ್ಯಾಸಬಲದಿಂದ "ಸಿಸ್ಟರ್" ಅಂದುಬಿಡುವರು, ನನ್ನ ಮೀಸೆ ಕಂಡು ಗಾಬರಿಯಾಗಿ ಬಾಲಕ್ಕೆ ಒಂದು "ಅಣ್ಣ" ಸೇರಿಸುವರು. "ಸಿಸ್ಟರಣ್ಣಾ, ಗ್ಲೂಕೋಸ್ ಮುಗೀತು!" ನಾಲ್ಕು ವರ್ಷ, ಎಂಟು ಸೆಮಿಸ್ಟರ್ ಕಳೆದ ಮೇಲೆ ಸಿಗುವ ಪದವಿ ಒಂದು ಕಡೆ ಇರಲಿ, ಈ ಬಿರುದು ನನಗೆ ಮೊದಲ ವಾರವೇ ಸಿಕ್ಕಿತ್ತು.

ಹೋದ ತಕ್ಷಣ ಸೂಜಿ ಕೈಗೆ ಕೊಡುತ್ತಾರೆ ಅಂದುಕೊಂಡಿದ್ದೆ. ಕೊಟ್ಟದ್ದು ಬೆಡ್‌ಶೀಟು. ಮೂಲೆಯನ್ನು ನಲವತ್ತೈದು ಡಿಗ್ರಿಗೆ, ಅಂಚೆ ಲಕೋಟೆಯ ಹಾಗೆ ಮಡಚಬೇಕು. ದಿಂಬಿನ ಗೌಸಿನ ಬಾಯಿ ಬಾಗಿಲ ಕಡೆ ತಿರುಗಿರಬಾರದು. ಸೂಜಿ ಬಂದಾಗಲೂ ಚುಚ್ಚಲು ಸಿಕ್ಕಿದ್ದು ಮನುಷ್ಯನಲ್ಲ, ಕಿತ್ತಳೆ ಹಣ್ಣು. ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಒಂದು ಡಜನ್ ಕಿತ್ತಳೆಗೆ ನೀರು ಚುಚ್ಚಿ ಚುಚ್ಚಿ ಇಟ್ಟಿದ್ದೆ. ಬೆಳಿಗ್ಗೆ ರೂಮ್‌ಮೇಟ್ ಎರಡು ತಿಂದು, "ಈ ಸಲದ ಹಣ್ಣು ಒಳ್ಳೇ ರಸ ಇದೆ ಕಣೋ" ಅಂದ. ನಾನು ಏನೂ ಹೇಳಲಿಲ್ಲ. ಈಗಲೂ ಹೇಳಿಲ್ಲ.

ನನ್ನ ನಿಜವಾದ ಕಂಟಕ ಇದ್ದದ್ದು ಬಿ.ಪಿ.ಯಲ್ಲಿ. ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಮೊಣಕೈ ಮಡಿಕೆಯಲ್ಲಿ ಸ್ಟೆತಾಸ್ಕೋಪ್ ಇಟ್ಟು, ನಿಧಾನವಾಗಿ ಗಾಳಿ ಬಿಡಬೇಕು. ಮೊದಲು ಟಕ್ ಅಂತ ಕೇಳಿದ್ದು ಮೇಲಿನ ಸಂಖ್ಯೆ, ಸದ್ದು ನಿಂತದ್ದು ಕೆಳಗಿನ ಸಂಖ್ಯೆ. 1905ರಲ್ಲಿ ಕೊರೊಟ್ಕೋವ್ ಎಂಬ ರಷ್ಯಾದ ವೈದ್ಯ ಈ ಸದ್ದುಗಳನ್ನು ಗುರುತಿಸಿದನಂತೆ. ಅವನಿಗೆ ಕೇಳಿತು. ನನ್ನ ಕ್ಲಾಸಿನವರಿಗೆಲ್ಲ ಕೇಳಿತು. ನನಗೆ ಕೇಳಿದ್ದು ಫ್ಯಾನಿನ ಸದ್ದು, ಪಕ್ಕದ ಮಂಚದವರು ಬಾಳೆಹಣ್ಣು ಸುಲಿಯುವ ಸದ್ದು, ಅಷ್ಟೇ.

ಮೇಡಂ ಹತ್ತಿರ ಹೋಗಿ ಕೇಳ್ತಿಲ್ಲ ಅನ್ನಲು ಮರ್ಯಾದೆ ಅಡ್ಡ ಬಂತು. ಪುಸ್ತಕದಲ್ಲಿ ಆರೋಗ್ಯವಂತನ ಬಿ.ಪಿ. 120/80 ಅಂತಿತ್ತು. ನಾನು ಮುಖ ಗಂಭೀರ ಮಾಡಿಕೊಂಡು, ಪಾದರಸ ಇಳಿಯುವುದನ್ನೇ ದಿಟ್ಟಿಸಿ, ತಲೆಯಾಡಿಸಿ, 120/80 ಅಂತ ಬರೆದೆ. ರಜೆಗೆ ಊರಿಗೆ ಹೋದಾಗ ಜಗಲಿಯ ಮೇಲೂ ಅದೇ ನಡೆಯಿತು. ಸೋದರಮಾವನಿಗೆ ನೂರಿಪ್ಪತ್ತು ಎಂಬತ್ತು, ಪಟೇಲರಿಗೆ ನೂರಿಪ್ಪತ್ತು ಎಂಬತ್ತು, ಎಂಬತ್ತು ದಾಟಿದ ನಮ್ಮಜ್ಜಿಗೂ ಅದೇ. ಊರೆಲ್ಲ ಖುಷಿಯಾಗಿ ಮನೆಗೆ ಹೋಯಿತು. ಈಗ ನೆನೆಸಿಕೊಂಡರೆ ಮೈ ಬೆವರುತ್ತದೆ.

ಸಿಕ್ಕಿಬಿದ್ದದ್ದು ಒಂದು ಸೋಮವಾರ. ಮೇಡಂ ಚಾರ್ಟುಗಳನ್ನು ಒಂದೊಂದಾಗಿ ತಿರುವಿದರು. ಎಂಟು ಮಂಚ, ಎಂಟೂ 120/80. "ಇದೇನ್ ಮೆಡಿಕಲ್ ವಾರ್ಡೋ, ಮಿಲಿಟರಿ ಸೆಲೆಕ್ಷನ್ನೋ?" ಅಂದರು. ಆಚೆ ಸಾಲಿನಲ್ಲಿ ನನ್ನದೇ ಜಾತಿಯ ಇನ್ನೊಬ್ಬನಿದ್ದ. ಅವನು ನನಗಿಂತ ಬುದ್ಧಿವಂತ. ನಿಜ ಅನ್ನಿಸಲಿ ಅಂತ 117/73 ಎಂದು ಬರೆದಿದ್ದ. ಪಾದರಸದ ಮಾಪಕದಲ್ಲಿ ಗೆರೆಗಳಿರುವುದು ಎರಡೆರಡಕ್ಕೆ. ಅದರಲ್ಲಿ ಬೆಸ ಸಂಖ್ಯೆ ಓದಲು ಬರುವುದೇ ಇಲ್ಲ. ಅವನಿಗೆ ನನಗಿಂತ ಎರಡು ಬೈಗುಳ ಹೆಚ್ಚು ಬಿತ್ತು.

ಆಮೇಲೆ ಮೇಡಂ ನನ್ನ ಕತ್ತಿನ ಸ್ಟೆತಾಸ್ಕೋಪ್ ತೆಗೆದು ನೋಡಿದರು. ಕಿವಿಗೆ ಹಾಕುವ ತುದಿಗಳು ಮೂಗಿನ ಕಡೆ ಬಾಗಿರಬೇಕಂತೆ, ನಾನು ಮೂರು ತಿಂಗಳಿಂದ ಅವನ್ನು ಬೆನ್ನ ಕಡೆ ತಿರುಗಿಸಿ ಹಾಕಿಕೊಳ್ಳುತ್ತಿದ್ದೆ. ಅದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆ ಕಡೆಯ ತುದಿಯಲ್ಲಿ ಎರಡು ಮುಖದ ಬಿಲ್ಲೆಯೊಂದಿರುತ್ತದೆ, ಅದನ್ನು ನಲ್ಲಿಯ ಹಾಗೆ ತಿರುಗಿಸಿ ಬೇಕಾದ ಮುಖ ತೆರೆಯಬೇಕು. ನಾನು ರೋಗಿಯ ಕೈಗೆ ಒತ್ತುತ್ತಿದ್ದುದು ಮುಚ್ಚಿದ ಮುಖವನ್ನು. ಮೇಡಂ ಅದನ್ನು ಕಟಕ್ ಅಂತ ತಿರುಗಿಸಿ, ಬೆರಳಿಂದ ಮೆಲ್ಲಗೆ ತಟ್ಟಿದರು. ನನ್ನ ತಲೆಯೊಳಗೆ ಯಾರೋ ಬಾಗಿಲು ಬಡಿದಂತಾಯಿತು.

ಎಂಟೂ ಜನರ ಬಿ.ಪಿ. ಮತ್ತೆ ನೋಡುವ ಶಿಕ್ಷೆ. ಆರನೇ ಮಂಚದ ಗೌಡರ ತೋಳಿನಲ್ಲಿ ಟಕ್ ಟಕ್ ಅಂತ ಸ್ಪಷ್ಟವಾಗಿ ಕೇಳಿತು, ಎದ್ದು ಕುಣಿಯುವಷ್ಟು ಸಂತೋಷ. ಸಂಖ್ಯೆ ನೋಡಿದರೆ 170/100. "ಬೆಳಿಗ್ಗೆ ನೂರಿಪ್ಪತ್ತು ಅಂದ್ರಲ್ಲ ಸಿಸ್ಟರಣ್ಣ?" ಅಂದರು. ಡ್ಯೂಟಿ ಡಾಕ್ಟರಿಗೆ ಹೇಳಲು ಓಡುತ್ತಿದ್ದರೆ ಹಿಂದಿನಿಂದ ಅವರ ಸಮಾಧಾನ: "ನಿಮ್ ಮೇಡಂ ಬೈದದ್ದು ಕೇಳಿ ನಂಗೇ ಏರಿರ್ಬೇಕು, ಬುಡಿ."

ಶುಶ್ರೂಷೆ ಅನ್ನುವ ಪದಕ್ಕೆ ಮೂಲದಲ್ಲಿ "ಕೇಳುವ ಬಯಕೆ" ಅಂತ ಅರ್ಥ ಎಂದು ಪಿ.ಯು.ಸಿ.ಯಲ್ಲಿ ಕನ್ನಡ ಮೇಷ್ಟ್ರು ಹೇಳಿದ್ದರು. ಬಯಕೆಗೇನೋ ಕೊರತೆ ಇರಲಿಲ್ಲ ಸ್ವಾಮಿ, ಬಿಲ್ಲೆ ಮುಚ್ಚಿತ್ತು.

ಕಮ್ಯುನಿಟಿ ಪೋಸ್ಟಿಂಗ್ ಅಂತ ಹಳ್ಳಿಗೆ ಕಳಿಸಿದಾಗ ಕಿವಿ ಕೈಕೊಟ್ಟದ್ದು ನನ್ನದಲ್ಲ. ಮನೆಮನೆಗೆ ಹೋಗಿ, ನೆಲಕ್ಕೆ ಪೇಪರ್ ಹಾಸಿ, ಅದರ ಮೇಲೆ ನಮ್ಮ ಚೀಲ ಇಟ್ಟು, ಕೈ ತೊಳೆದು ಕೆಲಸ ಶುರು ಮಾಡಬೇಕು. ಪೇಪರ್ ಹಾಸಿದ ಕೂಡಲೆ ಮನೆಯ ತಾತ ಚೀಲ ಪಕ್ಕಕ್ಕೆ ಸರಿಸಿ ಓದಲು ಕೂತರು. ಜೊತೆಗಿದ್ದ ಕೊಲ್ಲಂ ಹುಡುಗಿಗೆ ಅಜ್ಜಿಗೆ ಜ್ವರ ಇದೆಯಾ ಅಂತ ತಿಳಿಯಬೇಕಿತ್ತು. ಗಡಿಬಿಡಿಯಲ್ಲಿ ಮಲಯಾಳದಲ್ಲೇ, "ಅಜ್ಜೀ, ಪನಿ ಉಂಡೋ?" ಅಂದಳು.

"ಊಂ ಕಣವ್ವ, ಈಗಿನ್ನ ಉಂಡೆ. ಮುದ್ದೆ, ಉಪ್ಸಾರು."

"ಪನಿ ಉಂಡೋ ಅಜ್ಜೀ, ಪನಿ?"

"ಅದ್ಯಾವ ಸೊಪ್ಪೋ ನಮ್ ಕಡೆ ಸಿಕ್ಕಾಕಿಲ್ಲ ತಾಯಿ," ಅಂದ ಅಜ್ಜಿ ಒಳಗೆ ಹೋಗಿ ಅವಳಿಗೂ ಒಂದು ಮುದ್ದೆ ತಂದಿಟ್ಟರು. ಥರ್ಮಾಮೀಟರ್ ಇಟ್ಟರೆ ಜ್ವರ ಇರಲಿಲ್ಲ. ಆದರೆ ಎರಡನೇ ಮುದ್ದೆಯಾದ ಮೇಲೆ ಕೊಲ್ಲಂ ಹುಡುಗಿಯ ಸ್ಥಿತಿ ಸ್ವಲ್ಪ ಗಂಭೀರವಾಗಿತ್ತು.

ಮೊನ್ನೆ ದಸರಾ ರಜೆಗೆ ಊರಿಗೆ ಹೋದಾಗ ಈ ಸಲ ನಿಜವಾಗಿ ನೋಡೇಬಿಡೋಣ ಅಂತ ಜಗಲಿಯಲ್ಲಿ ಕೂತೆ. ಮಾವನಿಗೆ 150/94. ಅವರಿಗೆ ಸಿಟ್ಟು ಬಂತು. "ಓದ್ತಾ ಓದ್ತಾ ದಡ್ಡ ಆಗ್ತಿದೀಯಲ್ಲ, ಹೋದ ಸಲ ಸರ್ಯಾಗ್ ನೋಡಿದ್ದೆ!" ಅಂದರು. ಪಟೇಲರು ಬಂದವರು ಅಲ್ಲಿಂದಲೇ ಹಿಂದಿರುಗಿದರು. ಮಾವನನ್ನು ಸರ್ಕಾರಿ ಆಸ್ಪತ್ರೆಗೆ ಹೊರಡಿಸುವಷ್ಟರಲ್ಲಿ ನನ್ನ ಗಂಟಲು ಆರಿತ್ತು. ಇಷ್ಟನ್ನೂ ನೋಡುತ್ತಿದ್ದ ಅಜ್ಜಿ, "ಕೊಡಿಲ್ಲಿ ಅದ, ನಾನು ನೋಡ್ತೀನಿ ನಿಂದ," ಅಂತ ಸ್ಟೆತಾಸ್ಕೋಪ್ ಕಿತ್ತುಕೊಂಡರು. ಕಿವಿಯ ತುದಿಗಳನ್ನು ಬೆನ್ನ ಕಡೆ ತಿರುಗಿಸಿ ಹಾಕಿಕೊಂಡರು. ಬಿಲ್ಲೆಯನ್ನು ನನ್ನ ಶರ್ಟಿನ ಗುಂಡಿಯ ಮೇಲೆ ಒತ್ತಿದರು. ಕಣ್ಣು ಮುಚ್ಚಿ, ಥೇಟ್ ನನ್ನ ಹಾಗೇ ತಲೆಯಾಡಿಸಿ ಹೇಳಿದರು:

"ನೂರಿಪ್ಪತ್ತು, ಎಂಬತ್ತು."